ಮಣ್ಣು ಹದ ಮಾಡುವ ವಸ್ತಾದ

ಬೆಳಗಿನ ಜಾವದ ಗರಡಿಯಲ್ಲಿ ಕುಸ್ತಿಗಿಂತ ಮೊದಲು ಬೇಸಾಯ ನಡೆಯುತ್ತದೆ. ಲಂಗೋಟ ಬಿಗಿದ ಹುಡುಗರು ಸಲಿಕೆ ಹಿಡಿದು ಕಣದ ಕೆಂಪು ಮಣ್ಣನ್ನು ಅಗೆದು ಮಗುಚುತ್ತಾರೆ, ಹರಳು ಆರಿಸುತ್ತಾರೆ. ವಸ್ತಾದರು ಒಂದು ಹಿಡಿ ಎತ್ತಿ ಹಿಸುಕಿ ನೋಡುತ್ತಾರೆ. ಧೂಳೆದ್ದರೆ ನೀರು ಬೇಕು, ಕೈಗೆ ಮೆತ್ತಿದರೆ ಇನ್ನಷ್ಟು ಒಣಗಬೇಕು. ಎಣ್ಣೆ, ಮಜ್ಜಿಗೆ, ಲಿಂಬೆರಸ, ಅರಿಸಿನ, ಕರ್ಪೂರ ಉಂಡ ಈ ಮಣ್ಣು ಬಿದ್ದವನ ಬೆನ್ನನ್ನು ಕಾಯುತ್ತದೆ. ಹನುಮಪ್ಪನ ಪಟಕ್ಕೆ ಊದುಬತ್ತಿ ಬೆಳಗಿದ ಮೇಲೆಯೇ ದಂಡ, ಬಸ್ಕಿ, ಆಮೇಲೆ ಜೋಡಿ ಕುಸ್ತಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಗುರು ಎಂಬರ್ಥದ 'ಉಸ್ತಾದ್' ಪದ ಬಾಯಿಂದ ಬಾಯಿಗೆ ಉರುಳಿ 'ವಸ್ತಾದ' ಆಗಿದೆ. ಕಾಲೇಜಿನ ಕೋಚ್‌ಗೆ ಸಂಬಳವುಂಟು, ಗೆದ್ದ ಕಪ್ಪುಗಳ ಲೆಕ್ಕವುಂಟು. ವಸ್ತಾದರಾದರೋ ಸಾಮಾನ್ಯವಾಗಿ ಹಳೆಯ ಪೈಲ್ವಾನರು. ಹಗಲು ಅವರಿಗೆ ಕಬ್ಬಿನ ಹೊಲ ಕಾದಿರುತ್ತದೆ, ನೇಕಾರರ ಊರಾದರೆ ಮಗ್ಗ. ಅವರ ವೃತ್ತಿಜೀವನವನ್ನು ಬರೆದಿಟ್ಟ ವಹಿ ಸಿಗುವುದು ಅಪರೂಪ. ಯಾರ ಕೈಯಲ್ಲಿ ತಯಾರಾದ ಹುಡುಗ ಎಂದು ಜಾತ್ರೆಯ ಜನ ಕೇಳುತ್ತಾರಲ್ಲ, ಅದೇ ಅವರ ದಾಖಲೆ.

ಈ ಸೀಮೆ ಹಿಂದೆ ಸಂಸ್ಥಾನಗಳದ್ದು. 1948ರಲ್ಲಿ ಮುಂಬೈ ಪ್ರಾಂತ್ಯಕ್ಕೆ ಸೇರುವವರೆಗೆ ಮುಧೋಳದಲ್ಲಿ ಘೋರ್ಪಡೆಯವರ, ಜಮಖಂಡಿಯಲ್ಲಿ ಪಟವರ್ಧನರ ಆಳ್ವಿಕೆಯಿತ್ತು. ಪಕ್ಕದ ಕೊಲ್ಹಾಪುರವಂತೂ ಕುಸ್ತಿಯ ತವರು. ಅಲ್ಲಿನ ಅರಸ ಶಾಹೂ ಮಹಾರಾಜರು ಕಟ್ಟಿಸಿದ ಖಾಸಬಾಗ ಮೈದಾನ 1912ರಲ್ಲೇ ತೆರೆದಿತ್ತು. ಖುರಾಕು (ಪೈಲ್ವಾನರ ಆಹಾರ), ಡಾವು (ಪಟ್ಟು), ನಿಕಾಲಿ ಎಂಬ ಮಾತುಗಳು ಇಂದಿನ ಕರ್ನಾಟಕ-ಮಹಾರಾಷ್ಟ್ರ ಗಡಿಯ ಎರಡೂ ಕಡೆ ಒಂದೇ.

ನಿಕಾಲಿ ಕುಸ್ತಿಯಲ್ಲಿ ಅಂಕಗಳಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಬೇಕು, ಆಗಲೇ ಹಲಗಿಯ ಸದ್ದು ಏರುತ್ತದೆ. ಒಲಿಂಪಿಕ್ಸ್ ಮಾದರಿಯ ಮ್ಯಾಟ್ ಕುಸ್ತಿ ಹಾಗಲ್ಲ, ಅಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು. ಗೆರೆ ದಾಟಿಸಿದರೂ ಒಂದು ಅಂಕ. ಮಣ್ಣಿನಲ್ಲಿ ತಾಳ್ಮೆ ಕಲಿತ ಹುಡುಗ ಅಲ್ಲಿ ಎದುರಾಳಿಯ ಶಕ್ತಿ ಅಳೆಯುತ್ತ ನಿಂತರೆ ಅಷ್ಟರಲ್ಲಿ ಆಟವೇ ಮುಗಿದಿರುತ್ತದೆ.

ಮಣ್ಣಿನಿಂದ ಮ್ಯಾಟಿಗೆ ಹೋಗುವ ಈ ಪೇಚು ಹೊಸದಲ್ಲ. ಕೊಲ್ಹಾಪುರದ ರಾಜಾರಾಮ್ ಕಾಲೇಜಿನಲ್ಲಿ ಓದಿದ ಖಾಶಾಬಾ ಜಾಧವ್ ಮಣ್ಣಿನಲ್ಲಿ ಬೆಳೆದವರು. 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ಮ್ಯಾಟು ಅವರ ಕಾಲಿಗೆ ಅಪರಿಚಿತ. ಆದರೂ ಆರನೆಯವರಾದರು. 1952ರಲ್ಲಿ ಹೆಲ್ಸಿಂಕಿಗೆ ಹೊರಟಾಗ ದುಡ್ಡು ಸಾಲದೆ, ಅವರ ಕಾಲೇಜಿನ ಪ್ರಾಂಶುಪಾಲರಾಗಿದ್ದ ಖರ್ಡೇಕರ್ ತಮ್ಮ ಮನೆ ಅಡವಿಟ್ಟರು. ಜಾಧವ್ ಕಂಚು ತಂದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ವಿಭಾಗದಲ್ಲಿ ಅದು ಮೊದಲ ಒಲಿಂಪಿಕ್ ಪದಕ.

ಇಂದು ಕ್ರೀಡಾ ವಸತಿ ನಿಲಯಕ್ಕೆ, ಕ್ರೀಡಾ ಮೀಸಲಾತಿಯ ನೌಕರಿಗೆ ಮ್ಯಾಟಿನ ಗೆಲುವೇ ದಾರಿ. ಹಾಗಾಗಿ ವಸ್ತಾದರೂ ಎರಡನ್ನೂ ಕಲಿಸಬೇಕಾಗಿದೆ. "ಕುತಿಗಿ ಬಿಡಬ್ಯಾಡ, ಕಾಲ ನೋಡು" ಎಂಬ ಮಣ್ಣಿನ ಪಾಠದ ಜೊತೆಗೆ ಈಗ ಗಡಿಯಾರದ ಪಾಠವೂ ಸೇರಿದೆ.

ಕಣದ ಶಿಸ್ತು ಮಾತ್ರ ಬದಲಾಗಿಲ್ಲ. ನಿನ್ನೆ ಜಾತ್ರೆಯಿಂದ ಬೆಳ್ಳಿ ಗದೆ ಹೊತ್ತು ಬಂದವನಿಗೂ ಇವತ್ತಿನ ಸಲಿಕೆ ತಪ್ಪದು.