ಬಜೆ ತೇಯ್ದು ನೆಕ್ಕಿಸಿದರೆ ಮಗುವಿನ ಮಾತು ಸರಿಹೋಗುತ್ತದೆಯೇ? ವ್ಯಾಕರಣದ ಥೆರಪಿ ಎಂದರೇನು?

“ಮಗುವಿಗೆ ಮಾತು ಸರಿಯಾಗಿ ಬರ್ತಿಲ್ವಾ? ಬಜೆ ತೇಯ್ದು ನಾಲಿಗೆಗೆ ಹಚ್ಚಿ.” “ಗಂಡು ಮಕ್ಕಳು ಮಾತಾಡೋದೇ ತಡ, ಸುಮ್ಮನೆ ಕಾಯಿರಿ.” “ಮನೇಲಿ ಎರಡು ಭಾಷೆ ಆಡೋದು ನಿಲ್ಲಿಸಿ.” ಫ್ಯಾಮಿಲಿ ಗ್ರೂಪುಗಳಲ್ಲಿ ಇಂಥ ಸಲಹೆಗಳು ಆಗಾಗ ಬರುತ್ತಲೇ ಇರುತ್ತವೆ. ಇವುಗಳಲ್ಲಿ ನಿಜವೆಷ್ಟು? ನೋಡೋಣ.

ಕೊಳ್ಳೇಗಾಲ ತಾಲ್ಲೂಕಿನಲ್ಲಿ, ಕಾವೇರಿ ದಡದ ಮುಳ್ಳೂರಿನಂಥ ಊರಿನ ಒಂದು ಮನೆಯನ್ನು ಊಹಿಸಿಕೊಳ್ಳಿ. ಹುಡುಗನಿಗೆ 5 ವರ್ಷ. ಕರೆದರೆ ತಿರುಗಿ ನೋಡುತ್ತಾನೆ, ಆಟದಲ್ಲಿ ಚುರುಕು, ಓರಗೆಯ ಮಕ್ಕಳೊಂದಿಗೆ ಬೆರೆಯುತ್ತಾನೆ. ಆದರೆ ಅಕ್ಕ ಶಾಲೆಯಿಂದ ಬಂದಾಗ “ಅಕ್ಕ ಬಂದ” ಎನ್ನುತ್ತಾನೆ. “ನಾಯಿ ಬೆಕ್ಕನ್ನ ಓಡಿಸ್ತು” ಎನ್ನುವ ಬದಲು “ನಾಯಿ ಬೆಕ್ಕು ಓಡಿಸ್ತು” ಎನ್ನುತ್ತಾನೆ. ಯಾವುದು ಯಾವುದನ್ನು ಓಡಿಸಿತೋ ಕೇಳಿದವರಿಗೆ ತಿಳಿಯುವುದಿಲ್ಲ. 2 ವರ್ಷದ ಮಗು ಹೀಗೆ ಹೇಳಿದರೆ ಅದು ಸಹಜ. 5 ವರ್ಷವಾದರೂ ದಿನವೂ ಹೀಗೇ ಆದರೆ ಗಮನಿಸಬೇಕಾದ ವಿಷಯ.

ಇದು ಎಂಥ ತೊಂದರೆ?

ಕಿವಿ ಚೆನ್ನಾಗಿ ಕೇಳುತ್ತದೆ, ಆಟಿಸಂ ಇಲ್ಲ, ಬುದ್ಧಿಮಾಂದ್ಯತೆಯಿಲ್ಲ. ಆದರೂ ಭಾಷೆ ಕಲಿಯುವುದು ಮಾತ್ರ ಕಷ್ಟ ಮತ್ತು ಆ ಕಷ್ಟ ತಾನಾಗಿ ಹೋಗುವುದಿಲ್ಲ. ಇದನ್ನು ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್, ಚಿಕ್ಕದಾಗಿ ಡಿಎಲ್‌ಡಿ ಎನ್ನುತ್ತಾರೆ. ಆಕ್ಸ್‌ಫರ್ಡಿನ ಡೊರೊಥಿ ಬಿಷಪ್ ಮುಂದಾಳತ್ವದಲ್ಲಿ ತಜ್ಞರು ಸೇರಿ 2017ರಲ್ಲಿ ಈ ಹೆಸರನ್ನು ಒಪ್ಪಿಕೊಂಡರು. ಇಂಗ್ಲೆಂಡ್ ಮತ್ತು ಅಮೆರಿಕದ ಅಧ್ಯಯನಗಳ ಪ್ರಕಾರ ಸುಮಾರು 7% ಮಕ್ಕಳಿಗೆ ಇದಿದೆ. ಅಂದರೆ 30 ಮಕ್ಕಳಿರುವ ತರಗತಿಯಲ್ಲಿ ಸುಮಾರು ಇಬ್ಬರು.

ಈ ಮಕ್ಕಳಿಗೆ ಹೆಚ್ಚು ತೊಡಕಾಗುವುದು ಪದಗಳ ತುದಿಯಲ್ಲಿ ಮತ್ತು ವಾಕ್ಯ ಕಟ್ಟುವಲ್ಲಿ. ಕನ್ನಡದಲ್ಲಿ ಪದದ ತುದಿಗೆ ಬಹಳ ಕೆಲಸ. ‘ಬಂದ’, ‘ಬಂದ್ಲು’, ‘ಬಂತು’, ‘ಬಂದ್ರು’ ಎನ್ನುವಾಗ ಬಂದವರು ಯಾರು ಎಂಬುದನ್ನು ಆ ತುದಿಯೇ ಹೇಳುತ್ತದೆ.

ಇಲ್ಲೊಂದು ಎಚ್ಚರಿಕೆ: ಆಡುಮಾತು ಕಾಯಿಲೆಯಲ್ಲ. ಮಗು ‘ಹಾಲು’ ಎನ್ನುವಲ್ಲಿ ‘ಆಲು’ ಎಂದರೆ, ಮನೆಮಂದಿಯೂ ಹಾಗೇ ಹೇಳುತ್ತಿದ್ದರೆ, ಅದು ನಮ್ಮ ಸೀಮೆಯ ಮಾತು ಅಷ್ಟೆ. ಹೋಲಿಸಬೇಕಾದ್ದು ಪುಸ್ತಕದ ಕನ್ನಡದ ಜೊತೆಯಲ್ಲ, ಅದೇ ಬೀದಿಯ ಅದೇ ವಯಸ್ಸಿನ ಮಕ್ಕಳ ಮಾತಿನ ಜೊತೆ.

ಫಾರ್ವರ್ಡುಗಳು ಹೇಳುವುದು ನಿಜವೇ?

ಬಜೆ: ಬಜೆಯಿಂದ ಭಾಷೆಯ ತೊಂದರೆ ಹೋಗುತ್ತದೆ ಎನ್ನಲು ಪುರಾವೆ ಇಲ್ಲ. ಅದರಲ್ಲಿ ಬೀಟಾ-ಅಸರೋನ್ ಎಂಬ ರಾಸಾಯನಿಕವಿದ್ದು, ಅದರಿಂದ ಆಗಬಹುದಾದ ಹಾನಿಗೆ ಹೆದರಿ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸದಂತೆ ನಿಷೇಧಿಸಿತು.

ನಾಲಿಗೆಯ ಕೆಳಗಿನ ದಾರ ಕತ್ತರಿಸುವುದು: ನಾಲಿಗೆ ಕಟ್ಟಿಕೊಂಡಿದ್ದರೆ ಕೆಲವು ಅಕ್ಷರಗಳ ಉಚ್ಚಾರಕ್ಕೆ ತೊಂದರೆಯಾಗಬಹುದು. ಆದರೆ ‘ಲಾರಿ’ ಎಂದು ಸಲೀಸಾಗಿ ಹೇಳುವ ಹುಡುಗ ‘ಬಂದ್ಲು’ ಎನ್ನದಿದ್ದರೆ ತಪ್ಪು ನಾಲಿಗೆಯದಲ್ಲ. ಎಲ್ಲಿ ‘ಲು’ ಸೇರಿಸಬೇಕು ಎಂಬ ನಿಯಮ ಅವನಿಗೆ ಇನ್ನೂ ಸಿಕ್ಕಿಲ್ಲ.

“ಅವರಪ್ಪನೂ ತಡವಾಗೇ ಮಾತಾಡಿದ್ದು”: ಇದರಲ್ಲಿ ಅರ್ಧ ನಿಜವಿದೆ. ತಡವಾಗಿ ಮಾತು ಶುರುಮಾಡುವ ಹಲವು ಮಕ್ಕಳು ಮುಂದೆ ಸರಿದೂಗುತ್ತಾರೆ. ಆದರೆ ಡಿಎಲ್‌ಡಿ ವಂಶದಲ್ಲಿ ಬರುವ ಸಾಧ್ಯತೆ ಇರುವುದರಿಂದ, ಅಪ್ಪನಿಗೂ ಹಾಗೇ ಇತ್ತು ಎನ್ನುವುದು ಕಾಯಲು ಕಾರಣವಲ್ಲ, ಬೇಗ ತೋರಿಸಲು ಕಾರಣ.

ಎರಡು ಭಾಷೆ: 1956ರವರೆಗೆ ಕೊಳ್ಳೇಗಾಲ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಇಲ್ಲಿ ಕನ್ನಡ, ತಮಿಳು ಎರಡನ್ನೂ ಆಡುವ ಮನೆಗಳು ಹೊಸದಲ್ಲ. ಎರಡು ಭಾಷೆ ಕೇಳುವುದರಿಂದ ಡಿಎಲ್‌ಡಿ ಬರುವುದಿಲ್ಲ. ತೊಂದರೆ ನಿಜವಾಗಿದ್ದರೆ ಎರಡೂ ಭಾಷೆಯಲ್ಲಿ ಕಾಣುತ್ತದೆ. ಅಜ್ಜಿಯ ಭಾಷೆ ನಿಲ್ಲಿಸಿದರೆ ಮಗುವಿನ ಜೊತೆ ಮಾತಾಡುವ ಒಬ್ಬರು ಕಡಿಮೆಯಾಗುತ್ತಾರೆ, ಅಷ್ಟೆ.

ವ್ಯಾಕರಣದ ಥೆರಪಿ ಹೇಗಿರುತ್ತದೆ?

ಹೆಸರು ಕೇಳಿ ವಿಭಕ್ತಿ ಪ್ರತ್ಯಯ ಬಾಯಿಪಾಠ ಮಾಡಿಸುತ್ತಾರೆ ಎಂದುಕೊಳ್ಳಬೇಡಿ. ಚಿಕ್ಕ ಮಕ್ಕಳಿಗೆ ಇದು ಆಟದ ನಡುವೆಯೇ ನಡೆಯುತ್ತದೆ. ಥೆರಪಿಸ್ಟ್ ಮೊದಲು ಒಂದೇ ಒಂದು ಗುರಿ ಆರಿಸಿಕೊಳ್ಳುತ್ತಾರೆ, ಉದಾಹರಣೆಗೆ ‘-ಲು’. ಮಗು “ಅಕ್ಕ ಬಂದ” ಎಂದ ಕೂಡಲೇ ಬೈಯದೆ, ಅವನದೇ ಮಾತನ್ನು ಸರಿಮಾಡಿ ತಿರುಗಿಸಿ ಹೇಳುತ್ತಾರೆ: “ಹೂಂ ಕಣಪ್ಪ, ಅಕ್ಕ ಬಂದ್ಲು.” ಮಗು ಅದನ್ನು ಮತ್ತೆ ಹೇಳಲೇಬೇಕೆಂದಿಲ್ಲ, ಕೇಳಿಸಿಕೊಂಡರೆ ಸಾಕು. ಇದಕ್ಕೆ ರೀಕಾಸ್ಟ್ ಎಂದು ಹೆಸರು.

ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಎಲೀನಾ ಪ್ಲಾಂಟೆ ಮತ್ತು ಸಂಗಡಿಗರು 2014ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಭಾಷೆಯ ತೊಂದರೆಯಿದ್ದ 4–5 ವರ್ಷದ 18 ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪು 12 ಕ್ರಿಯಾಪದಗಳನ್ನು ಎರಡೆರಡು ಸಲ ಕೇಳಿತು, ಇನ್ನೊಂದು 24 ಬೇರೆಬೇರೆ ಕ್ರಿಯಾಪದಗಳನ್ನು ಒಂದೊಂದು ಸಲ ಕೇಳಿತು. 6 ವಾರಗಳ ಬಳಿಕ ಎದ್ದು ಕಾಣುವ ಸುಧಾರಣೆ ಬಂದದ್ದು ಎರಡನೇ ಗುಂಪಿನಲ್ಲಿ. ಇದು ಸಣ್ಣ ಅಧ್ಯಯನ, ನಡೆದದ್ದು ಇಂಗ್ಲಿಷಿನಲ್ಲಿ. ಆದರೂ ನಮಗೆ ಸಿಗುವ ಸುಳಿವು ಸರಳ: ‘ಬಂದ್ಲು’ ಎಂಬುದೊಂದನ್ನೇ ನೂರು ಸಲ ಹೇಳಿಸುವ ಬದಲು ‘ಬಂದ್ಲು, ಕೂತ್ಲು, ಓಡಿದ್ಲು, ನಕ್ಕಳು, ಕುಡಿದ್ಲು’ ಎಂದು ಬಗೆಬಗೆಯಾಗಿ ಕೇಳಿಸಬೇಕು. ಪದಗಳು ಬದಲಾಗುತ್ತಾ ಹೋದಾಗ, ಬದಲಾಗದೆ ಉಳಿಯುವ ತುದಿ ಮಗುವಿನ ಗಮನಕ್ಕೆ ಬರುತ್ತದೆ.

ಮನೆಯಲ್ಲೂ ಸ್ನಾನ ಮಾಡಿಸುವಾಗ, ಊಟ ಮಾಡಿಸುವಾಗ ಹೀಗೆ ಮಾತಾಡಬಹುದು. ಆದರೆ ಇದು ಥೆರಪಿಸ್ಟ್‌ಗೆ ಬದಲಿಯಲ್ಲ. ಯಾವ ಗುರಿ ಮೊದಲು, ಎಷ್ಟು ದಿನ ಎಂದು ಅವರೇ ನಿರ್ಧರಿಸಬೇಕು.

ಎಲ್ಲಿಗೆ ಹೋಗಬೇಕು?

ಮೊದಲು ಕಿವಿ ಪರೀಕ್ಷೆ ಮಾಡಿಸಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳಿಗೆ ಬಂದು ಮಕ್ಕಳನ್ನು ತಪಾಸಣೆ ಮಾಡುತ್ತವೆ. ಅವರು ನೋಡಬೇಕಾದ ತೊಂದರೆಗಳ ಪಟ್ಟಿಯಲ್ಲಿ ಭಾಷೆಯ ಹಿನ್ನಡೆಯೂ ಇದೆ. ತಂಡ ಬಂದ ದಿನ ಅಂಗನವಾಡಿ ಟೀಚರ್‌ಗೆ ಹೇಳಿ ಮಗುವಿನ ಮಾತಿನ ವಿಷಯ ತಿಳಿಸಿ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದ ಇದೇ ಕೆಲಸ ಮಾಡುತ್ತಿದೆ. ಕನ್ನಡ ಮಕ್ಕಳ ಭಾಷೆಯನ್ನು ಕನ್ನಡದಲ್ಲೇ ಅಳೆಯುವ ಪರೀಕ್ಷೆಗಳು ಅಲ್ಲಿ ರೂಪುಗೊಂಡಿವೆ. ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಈ ಸಂಸ್ಥೆ ಹೊರಸೇವಾ ಕೇಂದ್ರ ತೆರೆದಿದೆ. ಯಾವ ದಿನ ತಜ್ಞರು ಇರುತ್ತಾರೆ ಎಂದು ವಿಚಾರಿಸಿಕೊಂಡು ಹೋದರೆ ಬಸ್ಸಿನ ಖರ್ಚೂ ಒಂದು ದಿನದ ಕೂಲಿಯೂ ಉಳಿಯುತ್ತವೆ.

ನಮ್ಮ ತೀರ್ಮಾನ

ಬಜೆಯಿಂದ ವ್ಯಾಕರಣ ಬರುವುದಿಲ್ಲ, ಬೈಗುಳದಿಂದಲೂ ಬರುವುದಿಲ್ಲ. 5 ವರ್ಷದ ಮಗುವಿನ ವಾಕ್ಯ ಇನ್ನೂ ತುಂಡುತುಂಡಾಗಿದ್ದರೆ ಅದು ಸೋಮಾರಿತನವಲ್ಲ, ಹೆತ್ತವರ ತಪ್ಪೂ ಅಲ್ಲ. ಹಾಗೇ ಬಿಟ್ಟರೆ ಒಂದನೇ ತರಗತಿಯಲ್ಲಿ ಓದಿದ್ದು ಅರ್ಥವಾಗದೆ ಆ ಮಗುವಿಗೆ ‘ದಡ್ಡ’ ಎಂಬ ಹೆಸರು ಅಂಟಿಕೊಳ್ಳಬಹುದು. ಮುಂದಿನ ಸಲ ಗ್ರೂಪಿಗೆ ಬಜೆಯ ಮೆಸೇಜ್ ಬಂದಾಗ ಅದನ್ನು ಮುಂದೆ ಕಳಿಸಬೇಡಿ. ಬದಲಿಗೆ ಇಷ್ಟು ಬರೆಯಿರಿ: “ಮೊದಲು ಕಿವಿ ತೋರಿಸಿ, ಆಮೇಲೆ ಮಾತಿನ ತಜ್ಞರಿಗೆ ತೋರಿಸಿ.”