ಹಿತ್ತಲ ಒಲೆಗೆ ಮರದ ಇದ್ದಿಲೋ, ಉಂಡೆ ಇದ್ದಿಲೋ

ಬೆಂಗಳೂರಿನ ಚಾಮರಾಜಪೇಟೆಯು 1892ರಲ್ಲಿಯೂ, ಬಸವನಗುಡಿ ಮಲ್ಲೇಶ್ವರಗಳು 1898ರ ಪ್ಲೇಗಿನ ತರುವಾಯ ವಿಶೇಷವಾಗಿಯೂ ಬೆಳೆದ ಬಡಾವಣೆಗಳು. ಇಲ್ಲಿಯ ಹಳೆಯ ಮನೆಗಳಲ್ಲಿ ಹಿಂದೆ ಹಿತ್ತಲು, ಹಿತ್ತಲಿನಲ್ಲಿ ಒಂದೆರಡು ತೆಂಗಿನ ಮರ, ಬಚ್ಚಲುಮನೆಯಲ್ಲಿ ನೀರು ಕಾಯುವ ಹಂಡೆ, ಅಡಿಗೆಮನೆಯ ಮೂಲೆಯಲ್ಲಿ ಹಾಲಿಗೂ ಕಾಫಿಗೂ ಒಂದು ಇದ್ದಿಲೊಲೆ ಇರುವುದು ವಾಡಿಕೆಯಾಗಿತ್ತು. ಅನಿಲದ ಒಲೆಯು ಮನೆಮನೆಗೂ ಬಂದ ಮೇಲೆ ಸೌದೆ ಡಿಪೋಗಳು ವಿರಳವಾದುವು; ಇದ್ದಿಲೊಲೆಗಳು ಅಟ್ಟವನ್ನು ಸೇರಿದುವು. ಆದರೂ ಇದ್ದಿಲಿನ ಬಳಕೆ ಈ ಪ್ರದೇಶದಲ್ಲಿ ನಿಂತುಹೋಗಿದೆಯೆಂದು ಹೇಳಲಾಗದು. ರಸ್ತೆಯ ಬದಿಯಲ್ಲಿ ಮುಸುಕಿನ ಜೋಳವನ್ನು ಸುಡುವವರು, ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವವರಲ್ಲಿ ಕೆಲವರು, ಎಳೆಯ ಮಗುವಿಗೆ ಎರೆದ ಮೇಲೆ ಸಾಂಬ್ರಾಣಿ ಹೊಗೆ ಕೊಡುವ ತಾಯಂದಿರು, ಇವರೆಲ್ಲರಿಗೂ ಇದ್ದಿಲು ಬೇಕು. ಈಚೆಗೆ ಹಿತ್ತಲಿನಲ್ಲಿಯೋ ತಾರಸಿಯ ಮೇಲೆಯೋ ಮುಚ್ಚಳವುಳ್ಳ ಕಬ್ಬಿಣದ ಒಲೆಯನ್ನಿಟ್ಟು, ತರಕಾರಿ, ಪನ್ನೀರು, ಮಾಂಸ ಮುಂತಾದುವನ್ನು ಮಂದವಾದ ಶಾಖದಲ್ಲಿಯೂ ಹೊಗೆಯಲ್ಲಿಯೂ ಬಹಳ ಹೊತ್ತು ಬೇಯಿಸುವ ಅಭ್ಯಾಸವೂ ಕೆಲವು ಮನೆಗಳಲ್ಲಿ ಬಂದಿದೆ.

ಇಂಥವರಿಗೆ ಅಂಗಡಿಯಲ್ಲಿ ಎರಡು ಬಗೆಯ ಸರಕು ದೊರೆಯುವುದು. ಮರವನ್ನು ಸುಟ್ಟು ತುಂಡುತುಂಡಾಗಿಯೇ ಚೀಲಕ್ಕೆ ತುಂಬಿದ ಮರದ ಇದ್ದಿಲು ಒಂದು. ಇದ್ದಿಲ ಪುಡಿಗೆ ಅಂಟನ್ನು ಸೇರಿಸಿ ಅಚ್ಚಿನಲ್ಲೊತ್ತಿ ಒಣಗಿಸಿದ ಉಂಡೆ ಇದ್ದಿಲು ಇನ್ನೊಂದು. ಎರಡನೆಯದನ್ನು ಅಂಗಡಿಯವರು ಬ್ರಿಕೆಟ್ ಎಂದು ಕರೆಯುವರು. ಇವುಗಳಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಆಕಾರವನ್ನು ಮಾತ್ರ ನೋಡಿ ಉತ್ತರ ಕೊಡುವುದು ಸರಿಯಲ್ಲ. ಒಲೆಯ ಮೇಲಿನ ಕೆಲಸ ಎಷ್ಟು ಹೊತ್ತಿನದು, ಉಂಡೆಯೊಳಗೆ ಇದ್ದಿಲಲ್ಲದೆ ಬೇರೇನು ಸೇರಿದೆ ಎಂಬ ಎರಡು ಸಂಗತಿಗಳನ್ನು ತಿಳಿದವನಿಗೆ ಆಯ್ಕೆಯು ತಾನಾಗಿಯೇ ಸುಲಭವಾಗುವುದು.

ಮರವನ್ನು ಹೆಚ್ಚು ಗಾಳಿಯಾಡದಂತೆ ಮುಚ್ಚಿ 400ರಿಂದ 500 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಅದರಲ್ಲಿರುವ ನೀರೂ, ಹೊಗೆಯಾಗಿ ಹೋಗುವ ಅಂಶಗಳೂ ಬಹುಮಟ್ಟಿಗೆ ಹೊರಬಿದ್ದು ಇಂಗಾಲವೇ ಪ್ರಧಾನವಾದ ಕರಿಯ ವಸ್ತುವು ಉಳಿಯುವುದು. ನಮ್ಮ ಹಳ್ಳಿಗಳ ಮಣ್ಣುಮುಚ್ಚಿದ ಗೂಡುಗಳಲ್ಲಿ ನೂರು ಕಿಲೋ ಒಣ ಸೌದೆಗೆ ಹದಿನೈದರಿಂದ ಇಪ್ಪತ್ತೈದು ಕಿಲೋ ಇದ್ದಿಲು ಬರುವುದು ಸಾಮಾನ್ಯ. ಒಂದು ಕಿಲೋ ಒಳ್ಳೆಯ ಇದ್ದಿಲಿನಿಂದ ಸುಮಾರು 7,000 ಕಿಲೋಕ್ಯಾಲೊರಿ ಶಾಖ ದೊರೆಯುತ್ತದೆ. ಗಾಳಿಯಲ್ಲಿ ಒಣಗಿಸಿದ ಸೌದೆಯಲ್ಲಿ ಇದರ ಅರ್ಧದಷ್ಟು ಮಾತ್ರ. ಈ ಶಕ್ತಿಯ ಬಲದಿಂದಲೇ 1923ರಲ್ಲಿ ಭದ್ರಾವತಿಯಲ್ಲಿ ಉತ್ಪಾದನೆಯನ್ನಾರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು ಮೊದಲಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದ ಅದುರನ್ನು ಕರಗಿಸುತ್ತಿದ್ದಿತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲು ದುರ್ಲಭವಾದಾಗ ನಮ್ಮ ಬಸ್ಸುಗಳು ಬೆನ್ನಿಗೆ ಇದ್ದಿಲ ಗ್ಯಾಸಿನ ಉರುಳೆಯನ್ನು ಕಟ್ಟಿಕೊಂಡು ಓಡಿದುವು.

ಇದ್ದಿಲಿನ ಗುಣವು ಮರದ ಗುಣವನ್ನು ಅನುಸರಿಸುವುದು. ಸರ್ವೆ, ಜಾಲಿ ಮುಂತಾದ ಗಟ್ಟಿ ಮರಗಳ ಇದ್ದಿಲು ತೂಕವಾಗಿದ್ದು ಹೆಚ್ಚು ಕಾಲ ಉರಿಯುವುದು. ಮೆದು ಮರದ ಇದ್ದಿಲು ಹಗುರವಾಗಿದ್ದು ಬೇಗನೆ ಬೂದಿಯಾಗುವುದು. ಬಯಲುಸೀಮೆಯಲ್ಲಿ ಹೊಲಗಳನ್ನೂ ಕೆರೆಯಂಗಳಗಳನ್ನೂ ಆಕ್ರಮಿಸಿ ರೈತರಿಗೆ ಉಪದ್ರವವಾಗಿರುವ ಬಳ್ಳಾರಿ ಜಾಲಿಯು ಇದ್ದಿಲಿಗೆ ಮಾತ್ರ ಬಹಳ ಯೋಗ್ಯವಾದುದು. ಅಮೆರಿಕದವರು ಹೊಗೆಯಡಿಗೆಗೆ ಬಹಳವಾಗಿ ಮೆಚ್ಚುವ ಮೆಸ್ಕೀಟ್ ಎಂಬುದು ಇದೇ ಕುಲದ ಗಿಡವೆಂಬುದನ್ನು ನಮ್ಮಲ್ಲಿ ಬಹಳ ಜನ ಅರಿಯರು. ಹೊರಗಿನಿಂದ ಬಂದ ದುಬಾರಿ ಚೀಲವನ್ನು ಕೊಳ್ಳುವ ಮೊದಲು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮರದ ಇದ್ದಿಲಿನ ಮುಖ್ಯವಾದ ಅನುಕೂಲವೆಂದರೆ ಅದು ಗಾಳಿಯ ಮಾತನ್ನು ಕೇಳುವುದು. ಜೋಳ ಸುಡುವವರು ಬೀಸಣಿಗೆಯಿಂದ ನಾಲ್ಕು ಸಲ ಬೀಸಿದ ಕೂಡಲೇ ಕೆಂಡವು ನಿಗಿನಿಗಿಯೆಂದು ಏಳುತ್ತದೆ. ಬೀಸುವುದನ್ನು ನಿಲ್ಲಿಸಿದರೆ ಅಡಗುತ್ತದೆ. ತುಂಡಿನೊಳಗಿನ ಸೂಕ್ಷ್ಮ ರಂಧ್ರಗಳೂ, ತುಂಡುಗಳ ನಡುವಣ ಸಂದುಗಳೂ ಗಾಳಿಗೆ ದಾರಿ ಬಿಡುವುದೇ ಇದಕ್ಕೆ ಕಾರಣ. ಹತ್ತು ಹದಿನೈದು ನಿಮಿಷಗಳಲ್ಲಿ ಕೆಂಡ ಸಿದ್ಧವಾಗುವುದು, ಬೂದಿಯೂ ಅಲ್ಪ. ಆದರೆ ಇದೇ ಗುಣವು ದೀರ್ಘಕಾಲದ ಕೆಲಸದಲ್ಲಿ ದೋಷವಾಗಿ ಪರಿಣಮಿಸುತ್ತದೆ. ಚೀಲದಲ್ಲಿ ಮುಷ್ಟಿಗಾತ್ರದ ತುಂಡೂ ಇರುವುದು, ಅಡಿಕೆಗಾತ್ರದ ಚೂರೂ ಇರುವುದು; ಎಲ್ಲವೂ ಒಂದೇ ಸಮನಾಗಿ ಉರಿಯದೆ ಶಾಖವು ಏರಿಳಿಯುತ್ತದೆ. ಚೀಲದ ತಳದಲ್ಲಿ ಪುಡಿಯಾಗಿ ಉಳಿಯುವ ಭಾಗಕ್ಕೂ ಕೊಂಡವನೇ ಹಣ ತೆತ್ತಿರುತ್ತಾನೆ.

ಒಳ್ಳೆಯ ಮರದ ಇದ್ದಿಲನ್ನು ಗುರುತಿಸುವುದು ಕಷ್ಟವಲ್ಲ. ಎರಡು ತುಂಡುಗಳನ್ನು ಒಂದಕ್ಕೊಂದು ತಾಕಿಸಿದರೆ ಕಂಚಿನಂತೆ ಕಣಕಣ ಶಬ್ದವಾಗಬೇಕು. ಮುರಿದಾಗ ಒಳಭಾಗ ಕಪ್ಪಗೆ ಹೊಳೆಯಬೇಕು. ಕಂದುಬಣ್ಣವಿದ್ದರೆ ಸರಿಯಾಗಿ ಸುಡದೆ ಉಳಿದ ಸೌದೆಯೆಂದು ತಿಳಿಯತಕ್ಕದ್ದು. ಅದು ಕಣ್ಣುರಿಯುವ ಹೊಗೆಯನ್ನು ಕೊಟ್ಟು ಪದಾರ್ಥಕ್ಕೆ ಡಾಂಬರಿನ ವಾಸನೆಯನ್ನು ಅಂಟಿಸುತ್ತದೆ.

ಉಂಡೆ ಇದ್ದಿಲು ಹೊಸ ವಸ್ತುವೆಂದು ಭಾವಿಸಬೇಕಾಗಿಲ್ಲ. ಇದ್ದಿಲ ಪುಡಿಯನ್ನು ಸಗಣಿಯೊಡನೆಯೋ ಜೇಡಿಮಣ್ಣಿನೊಡನೆಯೋ ಕಲಸಿ ಉಂಡೆ ಕಟ್ಟಿ, ಬಿಸಿಲಿಗೆ ಒಣಗಿಸಿ ಹಂಡೆಯೊಲೆಗೆ ಹಾಕುವ ಮಿತವ್ಯಯವು ನಮ್ಮ ಗೃಹಿಣಿಯರಿಗೆ ಹಿಂದಿನಿಂದ ತಿಳಿದದ್ದೇ. ಅಮೆರಿಕದಲ್ಲಿ 1897ರಲ್ಲಿ ಎಲ್ಸ್‌ವರ್ತ್ ಜ್ವಾಯರ್ ಎಂಬಾತನು ಅಚ್ಚಿನ ಉಂಡೆಗೆ ಪೇಟೆಂಟ್ ಪಡೆದನು. 1920ರ ದಶಕದಲ್ಲಿ ಹೆನ್ರಿ ಫೋರ್ಡನು ತನ್ನ ಮೋಟಾರು ಕಾರ್ಖಾನೆಯ ಮರದ ಚೂರುಪಾರುಗಳನ್ನು ಇದ್ದಿಲು ಮಾಡಿ ಉಂಡೆಯಾಗಿ ಮಾರಿಸಿದನು. ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಭದ್ರಾವತಿಯಲ್ಲಿಯೂ ಸೌದೆಯನ್ನು ಬಟ್ಟಿಯಿಳಿಸಿ ಇದ್ದಿಲೊಡನೆ ಟಾರು ಮುಂತಾದ ಉಪವಸ್ತುಗಳನ್ನು ತೆಗೆಯುತ್ತಿದ್ದರೆಂಬುದು ಗಮನಿಸತಕ್ಕ ವಿಷಯ.

ಒಂದೇ ಗಾತ್ರ, ಒಂದೇ ತೂಕದ ಉಂಡೆಗಳನ್ನು ಎಣಿಸಿ ಹಾಕಬಹುದು. ಎಷ್ಟು ಹಾಕಿದರೆ ಎಷ್ಟು ಶಾಖವೆಂಬುದು ಎರಡು ಮೂರು ಸಲದ ಅನುಭವದಲ್ಲಿ ತಿಳಿದುಬರುವುದು. ಒತ್ತಿ ಮಾಡಿದುದಾದ ಕಾರಣ ಗಾಳಿಯು ಮೇಲ್ಮೈಗೆ ಮಾತ್ರ ತಾಕಿ ಉಂಡೆಯು ಮೆಲ್ಲನೆ ಸವೆಯುತ್ತದೆ. ಆದರೆ ಹೊತ್ತಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷಗಳು ಬೇಕು. ಮೇಲೆಲ್ಲ ಬಿಳಿಯ ಬೂದಿ ಕಾಣಿಸಿಕೊಳ್ಳುವವರೆಗೆ ಪದಾರ್ಥವನ್ನು ಇಡಬಾರದು.

ಇನ್ನು ಉಂಡೆಯೊಳಗೆ ಏನಿದೆಯೆಂಬ ಪ್ರಶ್ನೆ. ಮರಗೆಣಸಿನ ಅಥವಾ ಗೋಧಿಯ ಗಂಜಿಯನ್ನು ಮಾತ್ರ ಅಂಟಾಗಿ ಸೇರಿಸಿದ್ದರೆ ಯಾವ ಆಕ್ಷೇಪಣೆಯೂ ಇಲ್ಲ. ಕೆಲವರು ತೂಕಕ್ಕಾಗಿ ಜೇಡಿಮಣ್ಣನ್ನೂ, ಬೂದಿಯು ಬೆಳ್ಳಗೆ ಕಾಣಲೆಂದು ಸುಣ್ಣದ ಕಲ್ಲಿನ ಪುಡಿಯನ್ನೂ, ಅಗ್ಗವಾಗಲೆಂದು ಗಣಿಯ ಕಲ್ಲಿದ್ದಲಿನ ಪುಡಿಯನ್ನೂ ಬೆರೆಸುವುದುಂಟು. ಕಡ್ಡಿ ಗೀರಿದೊಡನೆ ಚಟಪಟನೆ ಹೊತ್ತಿಕೊಳ್ಳುವ ದುಂಡು ಬಿಲ್ಲೆಗಳಲ್ಲಿ ಪೆಟ್ಲುಪ್ಪು ಇರುತ್ತದೆ. ಅವು ಧೂಪಕ್ಕಾಗಿ ಮಾಡಿದವು. ಅವುಗಳ ಮೇಲೆ ತಿನ್ನುವ ಪದಾರ್ಥವನ್ನು ಬೇಯಿಸಕೂಡದು. ಇದೇ ರೀತಿ ಸಗಣಿಯುಂಡೆಯು ಹಂಡೆಯ ನೀರಿಗೆ ಸರಿಯೇ ಹೊರತು ಜೋಳ ಬದನೆಕಾಯಿಗಳನ್ನು ನೇರವಾಗಿ ಸುಡುವುದಕ್ಕಲ್ಲ.

ಕೊಳ್ಳುವವನು ಮೋಸಹೋಗದಿರಲು ಒಂದು ಸುಲಭವಾದ ಪರೀಕ್ಷೆಯುಂಟು. ಚೆನ್ನಾಗಿ ಒಣಗಿದ ಉಂಡೆಗಳನ್ನು 100 ಗ್ರಾಂ ತೂಗಿ, ತಗಡಿನ ಮೇಲೆ ಪೂರ್ತಿಯಾಗಿ ಉರಿಯಬಿಟ್ಟು, ತಣಿದ ಮೇಲೆ ಬೂದಿಯನ್ನು ತೂಗಬೇಕು. ಒಳ್ಳೆಯ ಮರದ ಇದ್ದಿಲಿಗೆ ಸಾಮಾನ್ಯವಾಗಿ ಐದು ಗ್ರಾಮಿಗೆ ಮೀರದು. ತೆಂಗಿನ ಚಿಪ್ಪಿನ ಶುದ್ಧವಾದ ಉಂಡೆಯೂ ಹೆಚ್ಚುಕಡಿಮೆ ಹಾಗೆಯೇ. ಇಪ್ಪತ್ತೈದು ಗ್ರಾಂ ಉಳಿದರೆ ಮಣ್ಣಿಗೋ ಸುಣ್ಣಕ್ಕೋ ಹಣ ಕೊಟ್ಟಂತಾಯಿತು. ಬೂದಿ ಇಟ್ಟಿಗೆಯ ಬಣ್ಣದ್ದಾದರೆ ಮಣ್ಣೆಂಬುದರಲ್ಲಿ ಸಂಶಯವಿಲ್ಲ. ಇಂಥ ಹತ್ತು ಕಿಲೋ ಚೀಲದಲ್ಲಿ ಎರಡೂವರೆ ಕಿಲೋ ಬೂದಿ. ಮಳೆಗಾಲದ ತೇವದಿಂದ ಒಂದು ಕಿಲೋ ನೀರು ಸೇರಿದ್ದರೆ ಉರಿಯುವ ಭಾಗವು ಆರೂವರೆ ಕಿಲೋ ಮಾತ್ರ. ಚೀಲದ ಬೆಲೆಯನ್ನು ಹತ್ತರಿಂದಲ್ಲ, ಆರೂವರೆಯಿಂದ ಭಾಗಿಸಿ ನೋಡಿದರೆ ಅಗ್ಗದ ಸರಕು ಅಗ್ಗವಲ್ಲವೆಂಬುದು ಹಲವು ವೇಳೆ ಕಂಡುಬರುವುದು.

ಹೀಗಿರುವಲ್ಲಿ ಆಯ್ಕೆ ಹೇಗೆ? ಮುಸುಕಿನ ಜೋಳ, ಗೊಜ್ಜಿಗೆ ಬದನೆಕಾಯಿ, ಹಪ್ಪಳ, ಗೆಣಸು ಮುಂತಾಗಿ ಅರ್ಧ ಗಂಟೆಯೊಳಗೆ ಮುಗಿಯುವ ಕೆಲಸಕ್ಕೆ ಮರದ ಇದ್ದಿಲೇ ಸರಿ. ಇದಕ್ಕೆ ಉಂಡೆಯನ್ನು ಹೊತ್ತಿಸಿದರೆ ಕೆಲಸ ಮುಗಿದ ಮೇಲೂ ಎರಡು ಗಂಟೆ ಉರಿದು ವ್ಯರ್ಥವಾಗುವುದು. ಮುಚ್ಚಳದ ಒಲೆಯಲ್ಲಿ 110 ಡಿಗ್ರಿಯ ಆಸುಪಾಸಿನ ಶಾಖವನ್ನು ಮೂರು ನಾಲ್ಕು ಗಂಟೆ ಕಾಯ್ದುಕೊಳ್ಳಬೇಕಾದರೆ ಗಂಜಿಯ ಅಂಟಿನ ಚಿಪ್ಪಿನ ಉಂಡೆಯೇ ಮೇಲು. ಉಂಡೆಗಳನ್ನು ಒಂದು ಬದಿಗೆ ಒತ್ತಾಗಿ ಜೋಡಿಸಿ, ಅಂಚಿನಲ್ಲಿ ಏಳೆಂಟನ್ನು ಮಾತ್ರ ಹೊತ್ತಿಸಿದರೆ ಬೆಂಕಿಯು ಒಂದರಿಂದ ಒಂದಕ್ಕೆ ಹಬ್ಬುತ್ತ ಹೋಗುವುದು. ಶಾಖವನ್ನು ಕೆಳಗಿನ ಗಾಳಿಕಿಂಡಿಯಿಂದ ಹತೋಟಿಯಲ್ಲಿಡಬೇಕು. ಮೇಲಿನ ಕಿಂಡಿಯನ್ನು ಪೂರ್ತಿ ಮುಚ್ಚಿದರೆ ಹೊಗೆ ಒಳಗೇ ನಿಂತು ಪದಾರ್ಥ ಕಹಿಯಾಗುವುದು. ಎರಡೂ ಬಗೆಯನ್ನು ಬೆರೆಸಿ ಉರಿಸುವವರೂ ಇದ್ದಾರೆ. ನಮ್ಮ ಅಭಿಪ್ರಾಯದಲ್ಲಿ ಅದರಿಂದ ವಿಶೇಷ ಲಾಭವಿಲ್ಲ. ಸೀಮೆಎಣ್ಣೆಯನ್ನು ಸುರಿದು ಹೊತ್ತಿಸುವುದಂತೂ ಯಾವುದಕ್ಕೂ ಸಲ್ಲದು.

ಪೂರ್ತಿಯಾಗಿ ಸುಟ್ಟ ಇದ್ದಿಲಿಗೆ ಸ್ವಂತವಾದ ಹೊಗೆ ಬಹಳ ಕಡಿಮೆ. ಮಾಂಸದ ಕೊಬ್ಬು ತೊಟ್ಟಿಕ್ಕಿದಾಗ ಹೊಗೆಯೇಳುವುದು. ತರಕಾರಿಗೆ ಆ ಮಾರ್ಗವಿಲ್ಲ. ಆದುದರಿಂದ ಪರಿಮಳ ಬೇಕಾದವರು ಮಾವು, ಸೀಬೆ, ಹಲಸು ಇವುಗಳ ಒಣಗಿದ ಚೂರುಗಳಲ್ಲಿ ಒಂದೆರಡನ್ನು ಕೆಂಡದ ಮೇಲಿಟ್ಟರೆ ಸಾಕು. ಬಣ್ಣ ಹಚ್ಚಿದ ಮರ, ಪ್ಲೈವುಡ್, ಎಣ್ಣೆಯ ಅಂಶವುಳ್ಳ ನೀಲಗಿರಿ ಇವು ಕೂಡದು. ಎಲ್ಲಕ್ಕಿಂತ ಹೆಚ್ಚಾಗಿ, ಈ ಬಡಾವಣೆಗಳ ಕಾಂಪೌಂಡುಗಳಲ್ಲಿ ದೇವರ ಪೂಜೆಯ ಹೂವಿಗೆಂದು ಬೆಳೆಸುವ ಕಣಗಿಲೆಯ ಕಡ್ಡಿಯನ್ನು ಒಲೆಯ ಹತ್ತಿರಕ್ಕೂ ತರಬಾರದು. ಕೆಂಪು ಕಣಗಿಲೆಯೂ ಹಳದಿ ಕಣಗಿಲೆಯೂ ಹೃದಯವನ್ನು ನಿಲ್ಲಿಸಬಲ್ಲ ವಿಷವುಳ್ಳವು. ಅವುಗಳ ಹೊಗೆಯೂ ಅಪಾಯಕರ.

ಮರದ ಇದ್ದಿಲಾಗಲಿ ಉಂಡೆಯಾಗಲಿ ಉರಿಯುವಾಗ ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವು ಹೊರಡುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೆ ಅಪಾಯವಿಲ್ಲವೆಂಬ ನಂಬಿಕೆ ತಪ್ಪು. ಅದು ರಕ್ತದೊಡನೆ ಬೆರೆತು ಪ್ರಾಣವಾಯುವಿಗೆ ಎಡೆಯಿಲ್ಲದಂತೆ ಮಾಡುತ್ತದೆ. ಮೊದಲು ತಲೆನೋವು, ಓಕರಿಕೆ, ಮಂಪರು. ನಿದ್ರೆಯಲ್ಲಿರುವವನಿಗೆ ಇವೂ ತಿಳಿಯುವುದಿಲ್ಲ. ಚಳಿಗೆಂದು ಕೆಂಡವನ್ನು ಕೋಣೆಯಲ್ಲಿಟ್ಟು ಬಾಗಿಲು ಹಾಕಿಕೊಂಡು ಮಲಗಿದವರು ಬೆಳಗ್ಗೆ ಏಳದಿರುವ ದುರಂತಗಳು ನಮ್ಮ ದೇಶದಲ್ಲಿ ಚಳಿಗಾಲದಲ್ಲಿ ಮತ್ತೆ ಮತ್ತೆ ನಡೆಯುತ್ತವೆ. ಮಳೆ ಬಂದಿತೆಂದು ಹಿತ್ತಲ ಒಲೆಯನ್ನು ಬಚ್ಚಲುಮನೆಗೋ ಮುಚ್ಚಿದ ಮೊಗಸಾಲೆಗೋ ಒಯ್ಯಬಾರದು. ಬಾಣಂತಿಯ ಕೋಣೆಯಲ್ಲಿ ಸಾಂಬ್ರಾಣಿಯ ಕೆಂಡವನ್ನು ಹೊಗೆ ಕೊಟ್ಟೊಡನೆ ಹೊರಗಿಡತಕ್ಕದ್ದು. ಉಂಡೆ ಇದ್ದಿಲಿನಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಮೇಲೆ ಬೂದಿ ಮುಚ್ಚಿ ಆರಿದಂತೆ ತೋರಿದರೂ ಒಳಗೆ ಗಂಟೆಗಟ್ಟಲೆ ಕೆಂಡವಿರುತ್ತದೆ.

ತೆಂಗು ಬೆಳೆಯುವ ರೈತರಿಗೆ ಈ ವಿಷಯದಲ್ಲಿ ಲಾಭವೂ ಉಂಟು. ತಿಪಟೂರು, ಅರಸೀಕೆರೆಗಳ ಕಡೆ ಕೊಬ್ಬರಿ ತೆಗೆದ ಮೇಲೆ ಉಳಿಯುವ ಚಿಪ್ಪಿನಿಂದ ತೂಕದಲ್ಲಿ ಕಾಲುಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇದ್ದಿಲನ್ನು ಪಡೆಯಬಹುದು. ಇದಕ್ಕಾಗಿ ಮರವನ್ನು ಕಡಿಯಬೇಕಾಗಿಲ್ಲ. ಚಿಪ್ಪಿನ ಇದ್ದಿಲು ತೆಳ್ಳನೆಯ ಬಿಲ್ಲೆಯಾಗಿದ್ದು ಜಾಲರಿಯ ಸಂದಿನಲ್ಲಿ ಉದುರುವುದರಿಂದ ಅದನ್ನು ಪುಡಿಮಾಡಿ ಉಂಡೆಯಾಗಿ ಮಾರುವುದೇ ಯುಕ್ತ. ಚಿಪ್ಪನ್ನು ಸುಡುವ ಕೆಲಸವನ್ನು ಮನೆಗಳಿಂದ ದೂರದ ಬಯಲಿನಲ್ಲಿ ಮಾಡಬೇಕು. ಬಸವನಗುಡಿಯ ಹಿತ್ತಲಿನಲ್ಲಿ ಮಾಡಿದರೆ ನೆರೆಯವರಿಗೆ ಉಸಿರುಕಟ್ಟುವುದು.

ನಗರದ ಮನೆಯವರು ಮಾಡಬಹುದಾದದ್ದು ಚೀಲದ ತಳದ ಪುಡಿಯನ್ನು ಉಳಿಸಿಕೊಳ್ಳುವುದು. ಒಂದು ಕಿಲೋ ಪುಡಿಯನ್ನು ಜರಡಿಯಾಡಿ, ಐವತ್ತು ಗ್ರಾಂ ಮರಗೆಣಸಿನ ಹಿಟ್ಟನ್ನಾಗಲಿ ಮೈದಾ ಹಿಟ್ಟನ್ನಾಗಲಿ ನೀರಿನಲ್ಲಿ ಗಂಜಿ ಕಾಯಿಸಿ, ಬಿಸಿಯಿರುವಾಗಲೇ ಉಂಡೆ ಕಟ್ಟುವ ಹದಕ್ಕೆ ಕಲಸಬೇಕು. ನಿಂಬೆಹಣ್ಣಿನ ಗಾತ್ರಕ್ಕೆ ಬಿಗಿಯಾಗಿ ಒತ್ತಿ, ಮೊದಲ ದಿನ ನೆರಳಿನಲ್ಲಿ, ಅನಂತರ ನಾಲ್ಕೈದು ದಿನ ಬಿಸಿಲಿನಲ್ಲಿ ಒಣಗಿಸಬೇಕು. ಮೊದಲೇ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತವೆ. ಇದ್ದಿಲು ತೇವವನ್ನು ಹೀರುವ ವಸ್ತು. ಆದುದರಿಂದ ಆಗಸ್ಟಿನಿಂದ ಅಕ್ಟೋಬರಿನವರೆಗೆ ಚೀಲವನ್ನು ನೆಲಕ್ಕೆ ತಾಕದಂತೆ ಹಲಗೆಯ ಮೇಲಿಟ್ಟು ಬಾಯಿ ಕಟ್ಟಿಡತಕ್ಕದ್ದು.

ಉಳಿದ ಬೂದಿಯನ್ನು ಒಂದು ದಿನವೆಲ್ಲ ಲೋಹದ ಡಬ್ಬಿಯಲ್ಲಿ ಮುಚ್ಚಿಟ್ಟು ಪೂರ್ಣವಾಗಿ ತಣಿಸಿದ ಮೇಲೆಯೇ ಹೊರಗೆ ತೆಗೆಯಬೇಕು. ಕಸದ ಗಾಡಿಗೆ ಬಿಸಿಬೂದಿಯನ್ನು ಹಾಕಿದರೆ ಬೆಂಕಿ ಬೀಳುವುದು. ಮರದ ಮತ್ತು ಚಿಪ್ಪಿನ ಇದ್ದಿಲಿನ ಬೂದಿಯಲ್ಲಿ ಪೊಟ್ಯಾಷ್ ಅಂಶವಿರುವುದರಿಂದ ಹಿತ್ತಲಿನ ಬಾಳೆಯ ಬುಡಕ್ಕೂ ತೆಂಗಿನ ಪಾತಿಗೂ ಬುಡಕ್ಕೆ ತಾಕದಂತೆ ಒಂದೊಂದು ಹಿಡಿ ಚೆಲ್ಲಿ ಮಣ್ಣಿನಲ್ಲಿ ಬೆರೆಸಬಹುದು. ಹಸಿ ಸಗಣಿಯೊಡನೆಯೋ ಯೂರಿಯಾದೊಡನೆಯೋ ಕಲಸಿ ಹಾಕಿದರೆ ಸಾರಜನಕವು ಅಮೋನಿಯವಾಗಿ ಹಾರಿಹೋಗುವುದು. ಕಲ್ಲಿದ್ದಲು ಬೆರೆತ ಉಂಡೆಯ ಬೂದಿಯನ್ನು ತರಕಾರಿ ಮಡಿಗಳಿಗೆ ಹಾಕಕೂಡದು.