ಊದಿ ನುಡಿಯುವ ಅಕ್ಷರ

ಯೂನಿಕೋಡಿನ ಕನ್ನಡ ಪಟ್ಟಿಯಲ್ಲಿ ಅಂಕಿಗಳು ಮುಗಿದ ಮೇಲೆ ೱ, ೲ ಎಂಬ ಎರಡು ಗುರುತುಗಳಿವೆಯಲ್ಲ, ಅವೇನು ಎಂದು ಓದುಗರೊಬ್ಬರು ಕೇಳಿದ್ದಾರೆ. ಮೊದಲನೆಯದು ಜಿಹ್ವಾಮೂಲೀಯ, ಎರಡನೆಯದು ಉಪಧ್ಮಾನೀಯ. ಎರಡೂ ವಿಸರ್ಗದ ಮಕ್ಕಳು.

ಜಿಹ್ವಾಮೂಲೀಯ ಎಂದರೆ ನಾಲಿಗೆಯ ಬುಡದಲ್ಲಿ ಹುಟ್ಟುವುದು, ಅಲ್ಲಿಗೆ ಮುಗಿಯಿತು. ಸೊಗಸಿರುವುದು ಉಪಧ್ಮಾನೀಯದಲ್ಲಿ. 'ಧ್ಮಾ' ಧಾತುವಿಗೆ ಊದು ಎಂದರ್ಥ. ಗೀತೆಯ ಮೊದಲ ಅಧ್ಯಾಯದಲ್ಲಿ ವೀರರು ಶಂಖ ಊದುವುದು ಇದೇ ಧಾತುವಿನಿಂದ. ನಮ್ಮ ಮೈಯೊಳಗಿನ 'ಧಮನಿ'ಯೂ ಇದರ ನೆಂಟ. ಮೂಲದಲ್ಲಿ ಅದು ಊದುವ ಕೊಳವೆ.

'ಅಂತಃಪುರ' ಎಂದು ನಿಧಾನವಾಗಿ ಹೇಳಿ ನೋಡಿ. ವಿಸರ್ಗದ ಉಸಿರು ಗಂಟಲಿನಿಂದ ಹೊರಟಾಗಲೇ ತುಟಿಗಳು ಮುಂದಿನ 'ಪ'ಕಾರಕ್ಕಾಗಿ ಹತ್ತಿರ ಬಂದಿರುತ್ತವೆ. ಆ ಸಂದಿಯಲ್ಲಿ ನುಸುಳಿದ ಗಾಳಿ, ಒಲೆ ಊದಿದಾಗಿನಂತೆ, ಫೂ ಎನ್ನುತ್ತದೆ. ಅದೇ ಉಪಧ್ಮಾನೀಯ. ಜಪಾನಿನವರು 'ಫುಜಿ' ಎನ್ನುವಾಗಿನ ಮೊದಲ ಸದ್ದೂ ಇದೇ. 'ಅಂತಃಕರಣ'ದಲ್ಲಾದರೆ ನಾಲಿಗೆಯ ಹಿಂಭಾಗ 'ಕ'ಕಾರಕ್ಕೆ ಏಳುತ್ತದೆ, ಉಸಿರು ಅಲ್ಲಿ ಉಜ್ಜಿಕೊಂಡು ಬರುತ್ತದೆ. ಅದು ಜಿಹ್ವಾಮೂಲೀಯ. ಜರ್ಮನ್ ಸಂಗೀತಗಾರ ಬಾಖ್ ಹೆಸರಿನ ಕೊನೆಯ ಸದ್ದನ್ನು ನೆನೆಯಿರಿ. ಬಾಯಿ ಸದಾ ಒಂದು ಅಕ್ಷರ ಮುಂದೆ ಓಡುತ್ತಿರುತ್ತದೆ. ಧ್ವನಿವಿಜ್ಞಾನಿಗಳು ಈಗಲೂ ಅಳೆಯುತ್ತಿರುವುದು ಇದನ್ನೇ. ಪಾಣಿನಿ ಇದನ್ನು ತನ್ನ ಸಂಸ್ಕೃತ ವ್ಯಾಕರಣದ ಎಂಟನೆಯ ಅಧ್ಯಾಯದ ಒಂದು ಪುಟ್ಟ ಸೂತ್ರದಲ್ಲಿ ಹಿಡಿದಿಟ್ಟ. ಬೇಡವಾದರೆ ವಿಸರ್ಗವನ್ನೇ ಉಳಿಸಿಕೊಳ್ಳಿ ಎಂಬ ವಿನಾಯಿತಿಯನ್ನೂ ಕೊಟ್ಟ.

ಹೆಸರಿಟ್ಟವರು ಬಾಯಿಯನ್ನು ನೋಡಿದರೆ, ದೇವಗಿರಿಯ ಆಸ್ಥಾನದಲ್ಲಿದ್ದ 13ನೇ ಶತಮಾನದ ವೈಯಾಕರಣ ವೋಪದೇವ ಬರಹವನ್ನು ನೋಡಿದ. ಜಿಹ್ವಾಮೂಲೀಯ ಅವನಿಗೆ ವಜ್ರಾಕೃತಿ, ಉಪಧ್ಮಾನೀಯ ಗಜಕುಂಭಾಕೃತಿ. ೲ ಎಂಬುದನ್ನು ದೊಡ್ಡದು ಮಾಡಿ ನೋಡಿದರೆ ಆನೆಯ ನೆತ್ತಿಯ ಎರಡು ಉಬ್ಬು ಕಾಣದಿರುವುದಿಲ್ಲ. ಇನ್ನು ಜಿಹ್ವಾಮೂಲೀಯದ ಸದ್ದಿಗೆ ಅಂತರರಾಷ್ಟ್ರೀಯ ಧ್ವನಿಲಿಪಿಯಲ್ಲಿರುವ ಗುರುತೂ ೱ ಎಂಬುದರ ಹಾಗೆ ಕತ್ತರಿ ಹಾಕಿದ ಎರಡು ಗೆರೆಯೇ. ಅದು ಬರೀ ಕಾಕತಾಳೀಯ. 'ನಮ್ಮಿಂದ ಕದ್ದರು' ಎಂದು ದಯವಿಟ್ಟು ವಾಟ್ಸಾಪಿನಲ್ಲಿ ಹಂಚಬೇಡಿ.

ಕನ್ನಡಕ್ಕೆ ಇವು ಬೇಕೆ? ವೋಪದೇವನ ಕಾಲದವನೇ ಆದ ಕನ್ನಡ ವೈಯಾಕರಣ ಕೇಶಿರಾಜ ಬೇಡವೆಂದ. ಶಬ್ದಮಣಿದರ್ಪಣದಲ್ಲಿ 57 ಅಕ್ಷರಗಳಿಂದ ಹತ್ತನ್ನು ಕಳೆದು ಕನ್ನಡಕ್ಕೆ 47 ಉಳಿಸುವಾಗ ವಿಸರ್ಗವನ್ನೂ ಈ ಎರಡನ್ನೂ ಕೈಬಿಟ್ಟ. 2006ರಲ್ಲಿ ಯೂನಿಕೋಡ್ ಇವನ್ನು ಕನ್ನಡದ ಪಟ್ಟಿಗೆ ಸೇರಿಸಿತು. ಕನ್ನಡ ಲಿಪಿಯಲ್ಲಿ ಸಂಸ್ಕೃತ ಅಚ್ಚು ಹಾಕುವವರಿಗೆ ಉಪಯೋಗ. ಉಳಿದ ನಾವು 'ದುಃಖ'ವನ್ನು ಹಾಯಾಗಿ 'ದುಕ್ಖ' ಎಂದೇ ಅನ್ನುತ್ತಿದ್ದೇವೆ.